ಕುರ್ಟ್ ಸಾಕ್ಸ್: ಜಗತ್ತಿನ ವಾದ್ಯಗಳಿಗೆಲ್ಲ ಒಂದೇ ಪ್ರಶ್ನೆ ಕೇಳಿದ ವಿದ್ವಾಂಸ

ಮೊಬೈಲಿನಲ್ಲಿ ಯಾವುದಾದರೂ ವಾದ್ಯದ ಬಗ್ಗೆ ಹುಡುಕಿದರೆ ವಿಕಿಪೀಡಿಯ ಪುಟದ ಬದಿಯ ಚೌಕದಲ್ಲಿ ಒಮ್ಮೊಮ್ಮೆ ಒಂದು ಸಂಖ್ಯೆ ಕಣ್ಣಿಗೆ ಬೀಳುತ್ತದೆ. ಒಂದು ಕಡೆ 321.321, ಇನ್ನೊಂದು ಕಡೆ 422.112. ಯೂರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳು ಅಂತರಜಾಲದಲ್ಲಿ ತೆರೆದಿಟ್ಟಿರುವ ವಾದ್ಯಗಳ ಪಟ್ಟಿಯಲ್ಲೂ ಇಂಥವೇ ಸಂಖ್ಯೆಗಳಿವೆ. ಸಂಗೀತ ಕಲಿಯುವ ಮಕ್ಕಳಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೆ ಇಡಿಯೋಫೋನ್, ಕಾರ್ಡೋಫೋನ್ ಎಂಬ ಪದಗಳು ಎದುರಾಗುತ್ತವೆ. ಹೆಚ್ಚಿನವರು ಅವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ.

ಈ ಪದಗಳ ಹಿಂದೆ, ಈ ಸಂಖ್ಯೆಗಳ ಹಿಂದೆ ಒಬ್ಬ ಮನುಷ್ಯನ ಬದುಕಿದೆ. ಕುರ್ಟ್ ಸಾಕ್ಸ್ ಎಂಬ ಜರ್ಮನ್ ಸಂಗೀತಶಾಸ್ತ್ರಜ್ಞರು 1914ರಲ್ಲಿ ತಮ್ಮ ಗೆಳೆಯನ ಜೊತೆ ಸೇರಿ ರೂಪಿಸಿದ ಪದ್ಧತಿ ಇದು. ಈ ಪದ್ಧತಿಯ ಬುಡ ಹುಡುಕುತ್ತ ಹೋದರೆ ದಾರಿ ಬರ್ಲಿನ್‌ನಿಂದ ಬ್ರಸೆಲ್ಸ್‌ಗೆ, ಅಲ್ಲಿಂದ ಕೋಲ್ಕತ್ತಕ್ಕೆ, ಕೊನೆಗೆ ಭರತನ ನಾಟ್ಯಶಾಸ್ತ್ರಕ್ಕೆ ಮುಟ್ಟುತ್ತದೆ. ಹಾಗಾಗಿ ಸಾಕ್ಸ್ ಅವರ ಕಥೆ ನಮಗೆ ಅಷ್ಟೇನೂ ದೂರದ್ದಲ್ಲ.

(ಸ್ಯಾಕ್ಸೋಫೋನ್ ಕಂಡುಹಿಡಿದ ಅಡಾಲ್ಫ್ ಸಾಕ್ಸ್ ಬೇರೆ. ಅವರು 19ನೇ ಶತಮಾನದ ಬೆಲ್ಜಿಯಂನವರು. ಇಬ್ಬರಿಗೂ ನಂಟಿಲ್ಲ.)

ಸಂಗೀತಶಾಸ್ತ್ರಜ್ಞರ ಕೆಲಸವೇನು?

ಹಾಡುವವರು, ನುಡಿಸುವವರು ಸಂಗೀತವನ್ನು ಮಾಡುತ್ತಾರೆ. ಸಂಗೀತಶಾಸ್ತ್ರಜ್ಞರು ಅದನ್ನು ಪರಿಶೀಲಿಸುತ್ತಾರೆ. ಒಂದು ರಾಗ ಅಥವಾ ಸ್ವರಶ್ರೇಣಿ ಹೇಗೆ ರೂಪುಗೊಂಡಿತು, ಒಂದು ವಾದ್ಯ ಯಾವ ಊರಿನಿಂದ ಯಾವ ಊರಿಗೆ ಹೋಯಿತು, ಹಳೆಯ ಹಸ್ತಪ್ರತಿಯಲ್ಲಿ ಬರೆದಿಟ್ಟ ಸ್ವರಲಿಪಿಯನ್ನು ಇಂದು ಹೇಗೆ ಓದಬೇಕು ಎಂಬಂಥ ಪ್ರಶ್ನೆಗಳು ಅವರವು. ನಮ್ಮಲ್ಲಿ ಲಕ್ಷಣಕಾರರು ಶತಮಾನಗಳಿಂದ ಮಾಡುತ್ತ ಬಂದ ಕೆಲಸಕ್ಕೆ ಇದು ಹತ್ತಿರ.

ಜರ್ಮನ್ ಮಾತಾಡುವ ನಾಡುಗಳಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಇದು ವಿಶ್ವವಿದ್ಯಾಲಯದ ವಿಷಯವಾಯಿತು. ಬಹುಪಾಲು ವಿದ್ವಾಂಸರು ಬಾಖ್, ಬೀಥೋವನ್ ಮುಂತಾದ ಯೂರೋಪಿನ ರಚನಕಾರರನ್ನೇ ಓದುತ್ತಿದ್ದರು. ಒಂದು ಸಣ್ಣ ಗುಂಪು ಮಾತ್ರ ಉಳಿದ ಜಗತ್ತಿನ ಸಂಗೀತವನ್ನೂ ಅಷ್ಟೇ ಗಂಭೀರವಾಗಿ ಕೇಳಬೇಕೆಂದು ಹೊರಟಿತು. ಆ ಶಾಖೆಯನ್ನು ತೌಲನಿಕ ಸಂಗೀತಶಾಸ್ತ್ರ ಎಂದು ಕರೆದರು. ಸಾಕ್ಸ್ ಆ ಗುಂಪಿಗೆ ಸೇರಿದವರು.

ಶಿಲ್ಪದಿಂದ ಸಂಗೀತಕ್ಕೆ

ಸಾಕ್ಸ್ ಹುಟ್ಟಿದ್ದು 1881ರ ಜೂನ್ 29ರಂದು, ಬರ್ಲಿನ್‌ನ ಒಂದು ಯಹೂದಿ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಪಿಯಾನೊ ಮತ್ತು ಸಂಗೀತ ರಚನೆ ಕಲಿತರು. ವಿಶ್ವವಿದ್ಯಾಲಯದಲ್ಲಿ ಮಾತ್ರ ಅವರು ಆರಿಸಿಕೊಂಡದ್ದು ಕಲಾ ಇತಿಹಾಸ. 1904ರಲ್ಲಿ ಡಾಕ್ಟರೇಟ್ ಪಡೆದದ್ದು ವೆರ್ರೋಕ್ಯೊ ಎಂಬ 15ನೇ ಶತಮಾನದ ಫ್ಲಾರೆನ್ಸ್ ಶಿಲ್ಪಿಯ ಕೃತಿಯೊಂದರ ಮೇಲಿನ ಅಧ್ಯಯನಕ್ಕೆ. ಲಿಯೊನಾರ್ಡೊ ಡ ವಿಂಚಿಗೆ ಗುರುವಾಗಿದ್ದ ಶಿಲ್ಪಿ ಆತ.

ಕೆಲವು ವರ್ಷ ಕಲಾ ವಿಮರ್ಶೆ ಬರೆದುಕೊಂಡಿದ್ದವರು 1909ರ ಸುಮಾರಿಗೆ ಮತ್ತೆ ವಿದ್ಯಾರ್ಥಿಯಾದರು. ಈ ಸಲ ಹೆರ್ಮನ್ ಕ್ರೆಟ್‌ಷ್ಮಾರ್, ಯೊಹಾನೆಸ್ ವೋಲ್ಫ್ ಎಂಬ ಗುರುಗಳ ಬಳಿ ಸಂಗೀತಶಾಸ್ತ್ರ. ತಡವಾಗಿ ಬಂದವರು ಎಂದು ಹೇಳಬಹುದಾದರೂ ಆ ಮೊದಲ ಓದು ವ್ಯರ್ಥವಾಗಲಿಲ್ಲ. ಒಂದು ಪ್ರತಿಮೆಯನ್ನು ಸುತ್ತಿ ಬಂದು ಅದರ ಆಕಾರ, ಕಟ್ಟಡ, ಕೈಚಳಕ, ಕಾಲ ಎಲ್ಲವನ್ನೂ ಕಣ್ಣಿನಿಂದಲೇ ಅಳೆಯುವ ಅಭ್ಯಾಸ ಅವರಿಗೆ ಕಲಾ ಇತಿಹಾಸದಿಂದ ಬಂದಿತ್ತು. ಮುಂದೆ ವಾದ್ಯಗಳನ್ನು ಅವರು ನೋಡಿದ್ದೂ ಹಾಗೆಯೇ. ಅವರ ಬರಹ ಓದಿದರೆ, ವಾದ್ಯವೊಂದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದವರ ಮಾತು ಎಂಬುದು ಗೊತ್ತಾಗುತ್ತದೆ.

1913ರಲ್ಲೇ ಅವರು ವಾದ್ಯಗಳ ದೊಡ್ಡ ನಿಘಂಟೊಂದನ್ನು ಪ್ರಕಟಿಸಿದರು. ಜಗತ್ತಿನ ಅನೇಕ ಭಾಷೆಗಳ ವಾದ್ಯದ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ ವಿವರಿಸಿದ ಪುಸ್ತಕ ಅದು. ಮರುವರ್ಷ ಅವರ ಹೆಸರನ್ನು ಉಳಿಸಿದ ಕೆಲಸ ಹೊರಬಂತು. ಅದಕ್ಕೆ ಮೊದಲು ಅವರ ಜೊತೆಗಾರನನ್ನು ಪರಿಚಯಿಸಿಕೊಳ್ಳಬೇಕು.

ಮೇಣದ ಸಿಲಿಂಡರುಗಳ ಸಂಗ್ರಹ

1900ರಲ್ಲಿ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಒಂದು ನಾಟಕ ತಂಡ ಬರ್ಲಿನ್‌ಗೆ ಬಂದಿತ್ತು. ಕಾರ್ಲ್ ಷ್ಟುಂಫ್ ಎಂಬ ಮನಶ್ಶಾಸ್ತ್ರಜ್ಞರು ಅವರ ಸಂಗೀತವನ್ನು ಎಡಿಸನ್ ಫೋನೋಗ್ರಾಫಿನ ಮೇಣದ ಸಿಲಿಂಡರುಗಳಲ್ಲಿ ಮುದ್ರಿಸಿಕೊಂಡರು. ಬರ್ಲಿನ್ ಫೋನೋಗ್ರಾಮ್ ಸಂಗ್ರಹ ಎಂದು ಹೆಸರಾದ ಧ್ವನಿಭಂಡಾರ ಶುರುವಾದದ್ದು ಹಾಗೆ. ಪ್ರವಾಸಿಗಳು, ಸಂಶೋಧಕರು ಜಗತ್ತಿನ ಮೂಲೆಮೂಲೆಗಳಿಂದ ಮುದ್ರಿಸಿ ತಂದ ಸಿಲಿಂಡರುಗಳು ಅಲ್ಲಿ ಸೇರುತ್ತ ಹೋದವು. 1999ರಲ್ಲಿ ಯುನೆಸ್ಕೊ ಈ ಸಂಗ್ರಹವನ್ನು ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಅದರ ಹೊಣೆ ಹೊತ್ತವರು ಎರಿಖ್ ಫಾನ್ ಹಾರ್ನ್‌ಬಾಸ್ಟೆಲ್. 1877ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಸಂಗೀತದ ಸೆಳೆತಕ್ಕೆ ಬಿದ್ದು ಬರ್ಲಿನ್ ಸೇರಿದವರು. 1904ರಷ್ಟು ಮುಂಚೆಯೇ ಅವರು ಒಟ್ಟೊ ಅಬ್ರಹಾಂ ಎಂಬ ವೈದ್ಯರೊಂದಿಗೆ ಫೋನೋಗ್ರಾಫಿನಲ್ಲಿ ಮುದ್ರಿತವಾದ ಭಾರತೀಯ ರಾಗಗಳ ಮೇಲೆ ಲೇಖನ ಬರೆದಿದ್ದರು. ಹಾರ್ನ್‌ಬಾಸ್ಟೆಲ್ ಬಳಿ ಧ್ವನಿಗಳಿದ್ದವು, ಸಾಕ್ಸ್ ಗಮನವೆಲ್ಲ ವಾದ್ಯಗಳ ಮೇಲಿತ್ತು. ಬರ್ಲಿನ್‌ನ ಜನಾಂಗ ವಸ್ತುಸಂಗ್ರಹಾಲಯದ ಕಪಾಟುಗಳಲ್ಲಿ ಏಷ್ಯಾ, ಆಫ್ರಿಕಾ, ಪೆಸಿಫಿಕ್ ದ್ವೀಪಗಳ ವಾದ್ಯಗಳು ತುಂಬಿದ್ದವು. ಅವನ್ನು ಹೇಗೆ ಜೋಡಿಸಿಡುವುದು ಎಂಬ ಪ್ರಶ್ನೆ ಬಹಳ ದಿನದಿಂದ ಕಾದಿತ್ತು.

ತೊಡಕು ಎಲ್ಲಿತ್ತು?

ಯೂರೋಪಿನ ವಾದ್ಯವೃಂದದಲ್ಲಿ ನಾಲ್ಕು ಪಂಗಡಗಳಿವೆ: ತಂತಿವಾದ್ಯ, ಮರದ ಊದುವಾದ್ಯ, ಹಿತ್ತಾಳೆ ವಾದ್ಯ, ಬಡಿಯುವ ವಾದ್ಯ. ವೇದಿಕೆಯ ಮೇಲೆ ಯಾರು ಎಲ್ಲಿ ಕೂರಬೇಕು ಎಂದು ಗೊತ್ತುಮಾಡಲು ಇದು ಸಾಕು. ಆದರೆ ಸ್ವಲ್ಪ ಕೆದಕಿದರೆ ಇದರ ಲೆಕ್ಕ ತಪ್ಪುತ್ತದೆ. ಮೊದಲನೆಯದು ಸದ್ದು ಮಾಡುವ ವಸ್ತುವನ್ನು ಹೇಳುತ್ತದೆ. ಎರಡನೆಯದು, ಮೂರನೆಯದು ವಾದ್ಯ ಯಾವುದರಿಂದ ಮಾಡಿದ್ದು ಎಂಬುದನ್ನು ಹೇಳುತ್ತವೆ. ನಾಲ್ಕನೆಯದು ನುಡಿಸುವ ಬಗೆಯನ್ನು. ಪಿಯಾನೊದಲ್ಲಿ ತಂತಿಯೂ ಇದೆ, ಅದನ್ನು ಬಡಿಯುವ ಸುತ್ತಿಗೆಯೂ ಇದೆ. ಹಾಗಾದರೆ ಅದು ಯಾವ ಪಂಗಡ? ಇಂದಿನ ಪಾಶ್ಚಾತ್ಯ ಕೊಳಲು ಲೋಹದ್ದು, ಆದರೂ ಮರದ ಸಾಲಿನಲ್ಲೇ ಕೂರುತ್ತದೆ.

ಇನ್ನು ಈ ಪಂಗಡಗಳಲ್ಲಿ ಘಟವನ್ನು ಎಲ್ಲಿಡುವುದು? ಬಡಿಯುವ ವಾದ್ಯವೆಂದು ಮೃದಂಗದ ಪಕ್ಕದಲ್ಲಿಟ್ಟರೆ, ಒಂದರಲ್ಲಿ ಚರ್ಮ ಸದ್ದು ಮಾಡುತ್ತದೆ, ಇನ್ನೊಂದರಲ್ಲಿ ಸುಟ್ಟ ಮಣ್ಣು ಸದ್ದು ಮಾಡುತ್ತದೆ ಎಂಬ ದೊಡ್ಡ ವ್ಯತ್ಯಾಸವೇ ಮರೆಯಾಗುತ್ತದೆ. ಹಲ್ಲಿನ ನಡುವೆ ಹಿಡಿದು ಬೆರಳಿನಿಂದ ಮೀಟುವ ಮೋರ್ಸಿಂಗ್? ಅದಕ್ಕೆ ಜಾಗವೇ ಇಲ್ಲ.

1914ರಲ್ಲಿ ಜರ್ಮನಿಯ ಜನಾಂಗಶಾಸ್ತ್ರ ಪತ್ರಿಕೆಯೊಂದರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಒಂದು ದೀರ್ಘ ಲೇಖನ ಬರೆದರು. 'ವಾದ್ಯಗಳ ವ್ಯವಸ್ಥಿತ ವರ್ಗೀಕರಣ: ಒಂದು ಪ್ರಯತ್ನ' ಎಂಬರ್ಥದ ಶೀರ್ಷಿಕೆ. ಅವರು ಎಲ್ಲ ವಾದ್ಯಗಳಿಗೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ಕಂಪಿಸಿ ಸದ್ದು ಹುಟ್ಟಿಸುವುದು ಯಾವುದು?

ಸದ್ದು ಎಂದರೆ ಕಂಪನ. ಏನೋ ಒಂದು ಅಲುಗುತ್ತದೆ, ಆ ಅಲುಗು ಗಾಳಿಯ ಮೂಲಕ ನಮ್ಮ ಕಿವಿಗೆ ಬರುತ್ತದೆ. ಹಾಗೆ ಅಲುಗಬಲ್ಲವು ನಾಲ್ಕು. ವಾದ್ಯದ ಮೈಯೇ ಕಂಪಿಸಿದರೆ ಅದು ಇಡಿಯೋಫೋನ್: ತಾಳ, ಘಟ, ಗೆಜ್ಜೆ, ಜಾಗಟೆ, ಕೋಲಾಟದ ಕೋಲು, ಕಂಸಾಳೆ. ಬಿಗಿದ ಚರ್ಮ ಕಂಪಿಸಿದರೆ ಮೆಂಬ್ರನೋಫೋನ್: ಮೃದಂಗ, ಡೊಳ್ಳು, ತಮಟೆ, ಮದ್ದಳೆ. ಎಳೆದು ಕಟ್ಟಿದ ತಂತಿ ಕಂಪಿಸಿದರೆ ಕಾರ್ಡೋಫೋನ್: ವೀಣೆ, ತಂಬೂರಿ, ಪಿಟೀಲು, ಪಿಯಾನೊ. ಗಾಳಿಯೇ ಕಂಪಿಸಿದರೆ ಏರೋಫೋನ್: ಕೊಳಲು, ನಾಗಸ್ವರ, ಶಂಖ, ಕೊಂಬು.

ಈ ಪ್ರಶ್ನೆಗೆ ವಾದ್ಯದ ಊರು ಬೇಕಿಲ್ಲ, ಬೆಲೆ ಬೇಕಿಲ್ಲ. ಅರಮನೆಯಲ್ಲಿ ನುಡಿಸಿದ್ದೋ ಜಾತ್ರೆಯಲ್ಲಿ ನುಡಿಸಿದ್ದೋ ಎಂಬುದೂ ಬೇಕಿಲ್ಲ. ಬೆಳ್ಳಿಯ ಕೊಳಲಿಗೂ ಬಿದಿರಿನ ಕೊಳಲಿಗೂ ಒಂದೇ ಮನೆ. ಯೂರೋಪಿನ ಬಹುಪಾಲು ದೇಶಗಳು ಉಳಿದ ಜಗತ್ತಿನ ಸಂಗೀತವನ್ನು ಕುತೂಹಲದ ವಸ್ತುವೆಂದು ನೋಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಹೆಜ್ಜೆಯಲ್ಲ ಎಂದು ನನಗನ್ನಿಸುತ್ತದೆ.

ಸಂಖ್ಯೆಯನ್ನು ಓದುವ ಬಗೆ

ನಾಲ್ಕು ವರ್ಗಗಳಲ್ಲಿ ಕೆಲಸ ಮುಗಿಯಲಿಲ್ಲ. ಅವನ್ನು ಒಡೆದು ಒಡೆದು ಮುನ್ನೂರಕ್ಕೂ ಹೆಚ್ಚು ಉಪವರ್ಗಗಳನ್ನು ಮಾಡಿದರು. ಪ್ರತಿಯೊಂದಕ್ಕೂ ಸಂಖ್ಯೆ ಕೊಡಲು ಅಮೆರಿಕದ ಮೆಲ್ವಿಲ್ ಡ್ಯೂಯಿ ಗ್ರಂಥಾಲಯಗಳಿಗಾಗಿ 1876ರಲ್ಲಿ ತಂದಿದ್ದ ದಶಮಾಂಶ ಕ್ರಮವನ್ನು ಬಳಸಿದರು.

ಇದನ್ನು ಅಂಚೆಯ ಪಿನ್‌ಕೋಡಿನ ಹಾಗೆ ಓದಬಹುದು. 560004 ಎಂಬಲ್ಲಿ ಮೊದಲ 5 ದಕ್ಷಿಣದ ಒಂದು ವಲಯ, 56 ಎಂದಾಗ ಕರ್ನಾಟಕಕ್ಕೆ ಬಂದೆವು, 560 ಎಂದಾಗ ಬೆಂಗಳೂರು, ಕೊನೆಯ ಅಂಕಿಗಳಿಗೆ ಬಸವನಗುಡಿ. ಒಂದೊಂದು ಅಂಕಿ ಸೇರಿದಂತೆಲ್ಲ ಜಾಗ ಕಿರಿದಾಗುತ್ತ ಹೋಗುತ್ತದೆ. ವಾದ್ಯದ ಸಂಖ್ಯೆಯೂ ಹಾಗೆಯೇ.

ಉಡುಕೆಯನ್ನು ತೆಗೆದುಕೊಳ್ಳೋಣ. ಮೊದಲ ಅಂಕಿ 2, ಅಂದರೆ ಚರ್ಮವಾದ್ಯ. 21 ಎಂದರೆ ಹೊಡೆದು ನುಡಿಸುವಂಥದ್ದು. 211 ಎಂದರೆ ಚರ್ಮಕ್ಕೆ ನೇರವಾಗಿ ಹೊಡೆಯುವಂಥದ್ದು. 211.2 ಎಂದರೆ ಕೊಳವೆಯಂಥ ಒಡಲಿನದು. 211.24 ಎಂದರೆ ನಡು ಸಣ್ಣಗಿರುವಂಥದ್ದು. ಈಗ ಶಿವನ ಕೈಯ ಡಮರುವನ್ನು ನೋಡಿ. ಆಕಾರ ಅದೇ, ನಡು ಸಣ್ಣ. ಆದರೆ ಅದಕ್ಕೆ ಯಾರೂ ಕೈಯಿಂದ ಹೊಡೆಯುವುದಿಲ್ಲ. ಅಲ್ಲಾಡಿಸಿದರೆ ದಾರದ ತುದಿಯ ಗಂಟು ಹೋಗಿ ಚರ್ಮಕ್ಕೆ ಬಡಿಯುತ್ತದೆ. ಹಾಗಾಗಿ ಅದು 211 ಬಿಟ್ಟು 212ರ ಕೆಳಗೆ ಹೋಗುತ್ತದೆ. ಒಂದೇ ಅಂಕಿಯ ಬದಲಾವಣೆ ನುಡಿಸುವ ಕ್ರಮದ ವ್ಯತ್ಯಾಸವನ್ನು ಹೇಳಿಬಿಡುತ್ತದೆ. ಚೌಕಟ್ಟಿಗೆ ಚರ್ಮ ಬಿಗಿದ ಖಂಜಿರ, ತಮಟೆಗಳು 211.3.

ಗೆರೆ ಹಾಕಿ ಮುಂದೆ ಇನ್ನಷ್ಟು ಅಂಕಿ ಸೇರಿಸುವುದೂ ಉಂಟು. ಪಿಟೀಲು 321.322-71. ಪೆಟ್ಟಿಗೆಯಂಥ ಒಡಲು ಮತ್ತು ಕತ್ತು ಇರುವ ತಂತಿವಾದ್ಯ ಎಂಬುದನ್ನು ಗೆರೆಗೆ ಮೊದಲಿನ ಭಾಗ ಹೇಳಿದರೆ, ಕಮಾನಿನಿಂದ ನುಡಿಸುವಂಥದ್ದು ಎಂಬುದನ್ನು ಕೊನೆಯ 71 ಹೇಳುತ್ತದೆ.

ಈ ಪದ್ಧತಿ ಕೆಲವು ಅಚ್ಚರಿಗಳನ್ನೂ ಹೊರತೆಗೆಯುತ್ತದೆ. ನಮ್ಮ ಸರಸ್ವತಿ ವೀಣೆ ಮತ್ತು ಉತ್ತರದ ರುದ್ರವೀಣೆ ಹೆಸರಿನಲ್ಲಿ ಒಂದೇ ಮನೆತನ. ಸಾಕ್ಸ್ ಪಟ್ಟಿಯಲ್ಲಿ ಮಾತ್ರ ಅವು ದೂರದ ನೆಂಟರು. ಸರಸ್ವತಿ ವೀಣೆಯ ಕೊಡ, ದಂಡಿ ಎರಡೂ ಸೇರಿ ಒಂದೇ ಕಟ್ಟಡ, ಕೊಡ ಕಳಚಿದರೆ ವೀಣೆಯೇ ಇಲ್ಲ. ಅದು 321.321. ರುದ್ರವೀಣೆಯಲ್ಲಿ ದಂಡವೇ ಮುಖ್ಯ, ಸೋರೆಬುರುಡೆಗಳನ್ನು ಅದಕ್ಕೆ ಕಟ್ಟಿರುತ್ತಾರೆ. ಆದ್ದರಿಂದ ಅದು 311ರ ಕೆಳಗೆ.

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಇನ್ನೊಂದು ಒಳ್ಳೆಯ ನಿದರ್ಶನ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮಾರುಹೋಗಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಒಂದು ಮರದ್ದು, ಒಂದು ಹಿತ್ತಾಳೆಯದು, ಬೇರೆ ಬೇರೆ ಖಂಡಗಳವು. ಆದರೆ ಎರಡರಲ್ಲೂ ಗಾಳಿಯನ್ನು ಅಲುಗಿಸುವುದು ಬಾಯಲ್ಲಿಟ್ಟ ತೆಳು ಪೀಪಿ, ಎರಡರ ಕೊಳವೆಯೂ ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುತ್ತದೆ. ಜೋಡಿ ಪೀಪಿಯ ನಾಗಸ್ವರ 422.1ರಲ್ಲಿ, ಒಂಟಿ ಪೀಪಿಯ ಸ್ಯಾಕ್ಸೋಫೋನ್ 422.2ರಲ್ಲಿ. ಅಕ್ಕಪಕ್ಕದ ಮನೆಗಳು. ಕದ್ರಿಯವರು ತಮ್ಮ ಕಿವಿಯಿಂದ ಕಂಡುಕೊಂಡ ನೆಂಟಸ್ತನವನ್ನು ಈ ಪಟ್ಟಿ ಅಂಕಿಗಳಲ್ಲಿ ತೋರಿಸುತ್ತದೆ.

ಭರತನಿಂದ ಬ್ರಸೆಲ್ಸ್‌ಗೆ

ಸಂಗೀತ ಪರೀಕ್ಷೆಗೆ ಓದಿದವರಿಗೆ ಇಷ್ಟು ಹೊತ್ತಿಗೆ ಒಂದು ಅನುಮಾನ ಬಂದಿರಬೇಕು. ತತ, ಸುಷಿರ, ಅವನದ್ಧ, ಘನ ಎಂದು ನಾವು ಮೊದಲ ಪಾಠದಲ್ಲೇ ಕಲಿಯುವುದೂ ಇದನ್ನೇ ಅಲ್ಲವೇ? ತಂತಿಯ ವಾದ್ಯ ತತ, ಊದುವ ವಾದ್ಯ ಸುಷಿರ, ಚರ್ಮ ಮುಚ್ಚಿದ್ದು ಅವನದ್ಧ, ಗಟ್ಟಿ ಮೈಯದು ಘನ. ನಾಟ್ಯಶಾಸ್ತ್ರದಲ್ಲಿ ವಾದ್ಯಗಳ ಮಾತು ಶುರುವಾಗುವುದೇ ಈ ನಾಲ್ಕರಿಂದ.

ಇದು ಕಾಕತಾಳೀಯವಲ್ಲ ಎಂದು ನಂಬಲು ಕಾರಣವಿದೆ. ಸಾಕ್ಸ್ ಮತ್ತು ಹಾರ್ನ್‌ಬಾಸ್ಟೆಲ್ ತಮ್ಮ ಪದ್ಧತಿಗೆ ಬುನಾದಿಯಾಗಿ ತೆಗೆದುಕೊಂಡದ್ದು ಬ್ರಸೆಲ್ಸ್ ಸಂಗೀತ ವಿದ್ಯಾಲಯದ ವಾದ್ಯ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ವಿಕ್ಟರ್ ಶಾರ್ಲ್ ಮಾಯಿಯೋನ್ ಅವರ ನಾಲ್ಕು ವರ್ಗಗಳನ್ನು. ಮಾಯಿಯೋನ್ ತಮ್ಮ ಕೆಟಲಾಗಿನ ಮೊದಲ ಸಂಪುಟ ತಂದದ್ದು 1880ರಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು, 1876ರಲ್ಲಿ, ಕೋಲ್ಕತ್ತದ ಸಂಗೀತ ವಿದ್ವಾಂಸ ಶೌರೀಂದ್ರ ಮೋಹನ ಟಾಗೋರ್ ಅವರು ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್‌ಗೆ ಸುಮಾರು ನೂರು ಭಾರತೀಯ ವಾದ್ಯಗಳನ್ನು ಉಡುಗೊರೆಯಾಗಿ ಕಳಿಸಿದ್ದರು. ಅವು ಆ ಸಂಗ್ರಹಾಲಯವನ್ನೇ ಸೇರಿದವು. ವಾದ್ಯಗಳ ಬಗ್ಗೆ ಟಾಗೋರ್ 1875ರಲ್ಲಿ ಬಂಗಾಳಿಯಲ್ಲಿ ತಂದ 'ಯಂತ್ರಕೋಶ'ದಲ್ಲಿ ಈ ಪ್ರಾಚೀನ ನಾಲ್ಕು ವಿಭಾಗಗಳೇ ಇದ್ದವು. ಮಾಯಿಯೋನ್ ಅವರ ಯೋಚನೆಗೆ ಭಾರತದ ಕ್ರಮ ಒಂದು ದಾರಿ ತೋರಿಸಿತು ಎಂಬುದು ಈ ಇತಿಹಾಸ ಬರೆದವರ ಮಾತು.

ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತು ಎಂದುಬಿಡುವುದು ಸರಿಯಲ್ಲ. ಭರತನ ನಾಲ್ಕು ವಿಭಾಗಗಳು ನಾಟ್ಯಕ್ಕೆ ಬೇಕಾದ ವಾದ್ಯಗಳಿಗೆ ಹೇಳಿದ್ದು. ಆಫ್ರಿಕಾದ ಅರಣ್ಯದಿಂದ ಪೆಸಿಫಿಕ್‌ನ ದ್ವೀಪದವರೆಗೆ ಸಿಕ್ಕ ಯಾವ ವಾದ್ಯವನ್ನಾದರೂ ಕೂರಿಸಬಲ್ಲಂತೆ ಕವಲು ಕವಲಾಗಿ ಬೆಳೆಸಿದ್ದು ಬರ್ಲಿನ್‌ನ ಇಬ್ಬರ ಪರಿಶ್ರಮ. ಭಾರತದ ವಾದ್ಯಗಳನ್ನಂತೂ ಸಾಕ್ಸ್ ಬೇರೆಯಾಗಿಯೇ ಓದಿದ್ದರು. ಭಾರತ ಮತ್ತು ಇಂಡೋನೇಷ್ಯಾದ ವಾದ್ಯಗಳ ಮೇಲೆ ಬರ್ಲಿನ್ ವಸ್ತುಸಂಗ್ರಹಾಲಯಗಳ ಕೈಪಿಡಿಯಾಗಿ ಅವರು ಬರೆದ ಪುಸ್ತಕ ವರ್ಗೀಕರಣದ ಲೇಖನದ ಬೆನ್ನಲ್ಲೇ ಹೊರಬಂತು.

ಬರ್ಲಿನ್‌ನ ಒಳ್ಳೆಯ ವರ್ಷಗಳು

ಮೊದಲ ಮಹಾಯುದ್ಧ ಮುಗಿದ ಮೇಲೆ ಸಾಕ್ಸ್ ಬರ್ಲಿನ್‌ನ ಸರ್ಕಾರಿ ವಾದ್ಯ ಸಂಗ್ರಹಾಲಯದ ಮುಖ್ಯಸ್ಥರಾದರು, ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಶುರುಮಾಡಿದರು. 1888ರಲ್ಲಿ ಸ್ಥಾಪನೆಯಾಗಿದ್ದ ಸಂಗ್ರಹಾಲಯ ಅದು. ಗಾಜಿನ ಹಿಂದೆ ಧೂಳು ಹಿಡಿಯುತ್ತಿದ್ದ ಹಳೆಯ ವಾದ್ಯಗಳನ್ನು ರಿಪೇರಿ ಮಾಡಿಸಿ ಮತ್ತೆ ನುಡಿಯುವಂತೆ ಮಾಡಬೇಕೆಂಬುದು ಅವರ ಹಂಬಲ. 1922ರಲ್ಲಿ ಸಂಗ್ರಹದ ಕೆಟಲಾಗ್ ತಂದರು. 1930ರ ಹೊತ್ತಿಗೆ, ಎರಡು ಸಾವಿರ ವರ್ಷಗಳ ಸಂಗೀತವನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿಸುವ ಮಾಲಿಕೆಯೊಂದನ್ನು ಸಂಪಾದಿಸಿದರು. ಪುಸ್ತಕದಲ್ಲಿ ಓದಿದ್ದನ್ನು ಕಿವಿಗೂ ಕೇಳಿಸಬೇಕೆಂಬ ಈ ಹಟ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು. ಹಂಗೇರಿಯ ಬಾರ್ಟೋಕ್, ಜರ್ಮನಿಯ ಹಿಂಡೆಮಿತ್ ಎಂಬ ಸಂಗೀತ ರಚನಕಾರರು, ಹಾರ್ನ್‌ಬಾಸ್ಟೆಲ್ ಎಲ್ಲ ಬಂದಿದ್ದರು. ವಾದ್ಯಗಳ ಸಮಿತಿಯ ಮುಂದಾಳು ಸಾಕ್ಸ್. ಪಿಯಾನೊವನ್ನು ಅರಬ್ ಸಂಗೀತಕ್ಕೆ ತರಬಹುದೇ ಎಂಬ ಬಗ್ಗೆ ಅಲ್ಲಿ ಬಿಸಿ ಬಿಸಿ ಚರ್ಚೆ ನಡೆಯಿತು. ತರಬೇಕೆಂದು ಈಜಿಪ್ಟಿನ ಅನೇಕರು, ಬೇಡವೆಂದು ಯೂರೋಪಿನವರು. ಅರಬ್ ಸಂಗೀತದ ಸೂಕ್ಷ್ಮ ಸ್ವರಾಂತರಗಳು ಪಿಯಾನೊದ ಗೊತ್ತಾದ ಮನೆಗಳಲ್ಲಿ ಕಳೆದುಹೋಗುತ್ತವೆ ಎಂಬ ಆತಂಕ. ನಮ್ಮ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟಾಗ ಕೇಳಿಬಂದದ್ದೂ ಇದೇ ಬಗೆಯ ವಾದ.

1933

ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ರಂದು ಬಂದ ಕಾನೂನು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಲು ದಾರಿ ಮಾಡಿತು. 52 ವರ್ಷದ ಹತ್ತಿರದಲ್ಲಿದ್ದ ಸಾಕ್ಸ್ ಸಂಗ್ರಹಾಲಯ, ವಿಶ್ವವಿದ್ಯಾಲಯ, ಸಂಗೀತ ಶಾಲೆ ಎಲ್ಲವನ್ನೂ ಕಳೆದುಕೊಂಡರು. ತಾಯಿಯ ಕಡೆಯಿಂದ ಯಹೂದಿ ಮೂಲದವರಾಗಿದ್ದ ಹಾರ್ನ್‌ಬಾಸ್ಟೆಲ್ ಕೂಡ ಕೆಲಸ ಕಳೆದುಕೊಂಡು, ಸ್ವಿಟ್ಜರ್ಲೆಂಡ್, ಅಮೆರಿಕ ಸುತ್ತಿ ಇಂಗ್ಲೆಂಡ್ ಸೇರಿ, 1935ರಲ್ಲಿ ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ಜಗತ್ತಿನ ಎಲ್ಲ ಜನರ ವಾದ್ಯಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ ಇಬ್ಬರಿಗೂ ಅವರ ಊರಿನಲ್ಲೇ ಜಾಗವಿಲ್ಲದಂತಾಯಿತು. ಇದನ್ನು ಓದುವಾಗ ಸಂಕಟವಾಗುತ್ತದೆ.

ಸಾಕ್ಸ್ ಬಿಟ್ಟುಬಂದ ಸಂಗ್ರಹಾಲಯದ ಬಹುಪಾಲು ವಾದ್ಯಗಳು ಎರಡನೇ ಮಹಾಯುದ್ಧದಲ್ಲಿ ನಾಶವಾದವು ಇಲ್ಲವೇ ಕಾಣೆಯಾದವು. ಉಳಿದದ್ದನ್ನು ಸೇರಿಸಿ ಮತ್ತೆ ಕಟ್ಟಿದ ಸಂಗ್ರಹ ಈಗ ಬರ್ಲಿನ್ ಫಿಲ್‌ಹಾರ್ಮೋನಿಕ್ ಸಭಾಂಗಣದ ಪಕ್ಕದಲ್ಲಿದೆ.

ಸಾಕ್ಸ್ ಪ್ಯಾರಿಸ್‌ಗೆ ಹೋದರು. ಅಲ್ಲಿನ ಜನಾಂಗ ವಸ್ತುಸಂಗ್ರಹಾಲಯದಲ್ಲಿ ಆಂದ್ರೆ ಶೆಫ್ನರ್ ಎಂಬ ವಿದ್ವಾಂಸರ ಜೊತೆ ಕೆಲಸ ಮಾಡುತ್ತ, ಹಳೆಯ ಯೂರೋಪಿಯನ್ ಸಂಗೀತದ ಧ್ವನಿಮುದ್ರಿಕೆಗಳ ಇನ್ನೊಂದು ಮಾಲಿಕೆಯನ್ನು ರೂಪಿಸಿದರು. 1937ರಲ್ಲಿ ಅಮೆರಿಕಕ್ಕೆ ಹೊರಟರು.

ನ್ಯೂಯಾರ್ಕಿನ ಎರಡನೇ ಬದುಕು

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1937ರಿಂದ 1953ರವರೆಗೆ ಪಾಠ, ನಂತರ ಕೊಲಂಬಿಯಾ ವಿಶ್ವವಿದ್ಯಾಲಯ. ಅಮೆರಿಕದ ಸಂಗೀತಶಾಸ್ತ್ರಜ್ಞರ ಸಂಘ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಐವತ್ತು ದಾಟಿದ ಮೇಲೆ ಭಾಷೆ ಬದಲಿಸಿ ಬರೆಯುವುದು ಸುಲಭವಲ್ಲ. ಅವರು ಇಂಗ್ಲಿಷಿಗೆ ಹೊರಳಿ ಸಾಲುಸಾಲಾಗಿ ಪುಸ್ತಕಗಳನ್ನು ಬರೆದರು: 1940ರಲ್ಲಿ ವಾದ್ಯಗಳ ಇತಿಹಾಸ, 1943ರಲ್ಲಿ ಪ್ರಾಚೀನ ಜಗತ್ತಿನ ಸಂಗೀತ, 1946ರಲ್ಲಿ ಎಲ್ಲ ಕಲೆಗಳನ್ನೂ ಒಟ್ಟಿಗೆ ನೋಡುವ ಗ್ರಂಥ, 1953ರಲ್ಲಿ ಲಯದ ಇತಿಹಾಸ. 1940ರ ಪುಸ್ತಕದಲ್ಲಿ ವಿದ್ಯುತ್ತಿನಿಂದ ನುಡಿಯುವ ವಾದ್ಯಗಳಿಗೆಂದು ಐದನೆಯ ವರ್ಗವನ್ನೂ ಸೇರಿಸಿದರು.

ಪ್ರಾಚೀನ ಸಂಗೀತದ ಪುಸ್ತಕದಲ್ಲಿ ಭಾರತಕ್ಕೆ ಬೇರೆಯೇ ಭಾಗವಿದೆ. ಹಾಡು ಹುಟ್ಟುವ ಎರಡು ದಾರಿಗಳನ್ನು ಸಾಕ್ಸ್ ಅಲ್ಲಿ ಹೇಳುತ್ತಾರೆ. ಒಂದು, ಮಾತೇ ಸ್ವಲ್ಪ ಸ್ವಲ್ಪ ಏರಿಳಿದು ಹಾಡಾಗುವುದು. ಉದಾತ್ತ, ಅನುದಾತ್ತ, ಸ್ವರಿತಗಳ ನಡುವೆಯೇ ಸಾಗುವ ವೇದಪಾಠ ನಮಗೆ ಹತ್ತಿರದ ನಿದರ್ಶನ. ಇನ್ನೊಂದು, ಭಾವದ ಒತ್ತಡ ಗಂಟಲಿನಿಂದ ಧುಮ್ಮಿಕ್ಕಿ ಎತ್ತರದಿಂದ ಕೆಳಕ್ಕೆ ಇಳಿದು ಬರುವುದು. ಮುಂದೆ ಎರಡೂ ಸೇರಿ ರಾಗವಾಗಿ ಬೆಳೆಯುತ್ತವೆ ಎಂಬುದು ಅವರ ಊಹೆ.

ಲಯದ ಪುಸ್ತಕದಿಂದ ಬಂದ ಒಂದು ವಿಚಾರ ಇಂದಿಗೂ ಪಾಠದ ಕೋಣೆಗಳಲ್ಲಿ ಜೀವಂತವಾಗಿದೆ. ಲಯದಲ್ಲಿ ಎರಡು ಬಗೆ ಎಂದರು ಸಾಕ್ಸ್. ಒಂದರಲ್ಲಿ ಇಡೀ ಅಳತೆಯನ್ನು ಸಮಭಾಗ ಮಾಡುತ್ತೇವೆ: ಕವಾಯತಿನ ಬ್ಯಾಂಡಿನಲ್ಲಿ ನಾಲ್ಕನ್ನು ಎರಡು ಎರಡಾಗಿ ಒಡೆದಂತೆ. ಇನ್ನೊಂದರಲ್ಲಿ ಅಸಮವಾದ ತುಂಡುಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋಗುತ್ತೇವೆ. ಖಂಡಛಾಪುವಿನ 'ತಕ ತಕಿಟ' ಎಂದರೆ 2 ಮತ್ತು 3. ಮಿಶ್ರಛಾಪುವಿನ 'ತಕಿಟ ತಕದಿಮಿ' ಎಂದರೆ 3 ಮತ್ತು 4. ಇಲ್ಲಿ ಐದನ್ನೋ ಏಳನ್ನೋ ಯಾರೂ ಭಾಗಿಸುತ್ತಿಲ್ಲ, ಕೂಡುತ್ತಿದ್ದಾರೆ. ಕೈಯಲ್ಲಿ ತಾಳ ಹಾಕಿದವರಿಗೆ ಇದು ವಿವರಿಸದೆಯೇ ತಿಳಿಯುತ್ತದೆ. ಪಶ್ಚಿಮದ ಓದುಗರಿಗೆ ಇದನ್ನು ಬಿಡಿಸಿ ಹೇಳಲು ಸಾಕ್ಸ್ ಕೊಟ್ಟ ಪದಗಳನ್ನೇ ಸಂಗೀತಶಾಸ್ತ್ರ ಈಗಲೂ ಬಳಸುತ್ತದೆ.

1959ರ ಫೆಬ್ರವರಿ 5ರಂದು ಅವರು ನ್ಯೂಯಾರ್ಕಿನಲ್ಲಿ ನಿಧನರಾದರು. ಸಂಗೀತದ ಮೂಲಗಳ ಬಗ್ಗೆ ಅವರು ಬರೆದಿಟ್ಟಿದ್ದ ಕೊನೆಯ ಪುಸ್ತಕವನ್ನು ಡಚ್ ವಿದ್ವಾಂಸ ಯಾಪ್ ಕುನ್ಸ್ಟ್ ಸಂಪಾದಿಸಿಕೊಟ್ಟರು. ಅದು 1962ರಲ್ಲಿ ಪ್ರಕಟವಾಯಿತು.

ಯಾವುದು ಹಳತಾಯಿತು?

ಎಲ್ಲವೂ ಉಳಿದಿಲ್ಲ. ಅವರ ಕಾಲದ ಅನೇಕರಂತೆ ಸಾಕ್ಸ್ ಕೂಡ, ಮಾನವ ಸಂಸ್ಕೃತಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು, ಕೆಲವೇ ಕೇಂದ್ರಗಳಿಂದ ಜಗತ್ತಿಗೆಲ್ಲ ಹರಡಿತು ಎಂದು ನಂಬಿದ್ದರು. ಒಂದು ವಾದ್ಯ ಎಷ್ಟು ದೂರ ಹರಡಿದೆಯೋ ಅಷ್ಟು ಹಳತು ಎಂಬ ಸೂತ್ರ ಹಿಡಿದು 1929ರಲ್ಲಿ ಅವರು ವಾದ್ಯಗಳ ವಯಸ್ಸಿನ ಪದರಗಳನ್ನು ಗುರುತಿಸಿದರು. ನೃತ್ಯದ ಜಾಗತಿಕ ಇತಿಹಾಸವನ್ನೂ ಇದೇ ಚೌಕಟ್ಟಿನಲ್ಲಿ ಬರೆದರು. ಇಂದು ಬದುಕಿರುವ ಬುಡಕಟ್ಟು ಜನರನ್ನು ಮಾನವಕುಲದ ಬಾಲ್ಯವೆಂದು ಕಾಣುವ ಈ ದೃಷ್ಟಿಯನ್ನು ಮಾನವಶಾಸ್ತ್ರಜ್ಞರು ಕೈಬಿಟ್ಟಿದ್ದಾರೆ. ಅವರ ನೃತ್ಯದ ಪುಸ್ತಕವನ್ನಂತೂ ಕಟುವಾಗಿ ಟೀಕಿಸಿದ್ದಾರೆ. ಟೀಕೆ ನ್ಯಾಯವಾದದ್ದೇ.

ವರ್ಗೀಕರಣದಲ್ಲೂ ತಕರಾರುಗಳಿವೆ. ನಮಗೆ ಹತ್ತಿರದ್ದು ಚೌಡಿಕೆ. ಸವದತ್ತಿ ಎಲ್ಲಮ್ಮನ ಜೋಗತಿಯರು ಹಿಡಿದು ಹಾಡುವ ಈ ವಾದ್ಯದಲ್ಲಿ ಮರದ ಕೊಳಗದಂಥ ಒಡಲಿನ ತಳಕ್ಕೆ ಚರ್ಮ ಬಿಗಿದಿರುತ್ತದೆ. ಆ ಚರ್ಮದಿಂದ ಹೊರಟ ತಂತಿಯನ್ನು ಮೀಟಿದರೆ ಸದ್ದು. ಬಂಗಾಳದ ಬಾವುಲರ ಗೋಪಿಯಂತ್ರ, ಆನಂದಲಹರಿಗಳೂ ಇದೇ ಜಾತಿ. ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಇಂಥವನ್ನು ಚರ್ಮವಾದ್ಯಗಳಲ್ಲೇ ಇಟ್ಟು, 'ಮೀಟುವ ಚರ್ಮವಾದ್ಯ' ಎಂಬ ಹೊಸ ಉಪವರ್ಗ ಮಾಡಿ 22 ಎಂಬ ಸಂಖ್ಯೆ ಕೊಟ್ಟರು. ತಂತಿ ಅಲುಗು ಕೊಡುತ್ತದೆ, ನಿಜವಾಗಿ ನುಡಿಯುವುದು ಚರ್ಮ ಎಂಬುದು ಅವರ ತರ್ಕ. ಕೇಂಬ್ರಿಜ್‌ನ ವಿದ್ವಾಂಸ ಲಾರೆನ್ಸ್ ಪಿಕೆನ್ 1981ರಲ್ಲಿ ಇದನ್ನು ಅಲ್ಲಗಳೆದರು. ಸ್ವರದ ಎತ್ತರವನ್ನು ನಿರ್ಧರಿಸುವುದು ತಂತಿಯ ಬಿಗಿತ, ಚರ್ಮ ಅದನ್ನು ಗಟ್ಟಿಯಾಗಿ ಕೇಳಿಸುತ್ತದೆ ಅಷ್ಟೆ, ಆದ್ದರಿಂದ ಇವು ತಂತಿವಾದ್ಯಗಳೇ ಎಂದು ವಾದಿಸಿದರು. ಚೌಡಿಕೆ ನುಡಿಸುವವರು ಬಿಗಿತ ಹೆಚ್ಚುಕಡಿಮೆ ಮಾಡಿ ಸ್ವರ ಎಳೆಯುವುದನ್ನು ಕೇಳಿದರೆ ಪಿಕೆನ್ ಮಾತೇ ಸರಿ ಎನಿಸುತ್ತದೆ.

ಹಾರ್ಮೋನಿಯಂ ಇನ್ನೊಂದು. ತಿದಿ ಒತ್ತಿ ಗಾಳಿ ತುಂಬುವುದರಿಂದ ನಾವು ಅದನ್ನು ಸುಷಿರದಲ್ಲಿ ಸೇರಿಸುತ್ತೇವೆ. ಈ ಪದ್ಧತಿಯಲ್ಲೂ ಅದು 4ರಲ್ಲೇ ಇದೆ, ಆದರೆ ಕೊಳಲು, ನಾಗಸ್ವರಗಳ 42ರಲ್ಲಿಲ್ಲ. ಅದರೊಳಗೆ ಕೊಳವೆಯ ಗಾಳಿ ಕಂಪಿಸುವುದಿಲ್ಲ. ಲೋಹದ ನಾಲಗೆ ಹರಿಯುವ ಗಾಳಿಯನ್ನು ತಡೆದು ಬಿಟ್ಟು ಸದ್ದು ಮಾಡುತ್ತದೆ. ಹಾಗಾಗಿ 412.

ಪದ್ಧತಿಯನ್ನು ತಿದ್ದುವ ಕೆಲಸ ನಿಂತಿಲ್ಲ. ವಾದ್ಯ ಸಂಗ್ರಹಾಲಯಗಳ 'ಮಿಮೋ' ಒಕ್ಕೂಟ 2011ರಲ್ಲಿ ಅದರ ಪರಿಷ್ಕೃತ ರೂಪವನ್ನು ತಂದಿತು, ವಿದ್ಯುತ್ ವಾದ್ಯಗಳ ಐದನೆಯ ವರ್ಗವನ್ನು ವಿಸ್ತರಿಸಿತು. 1914ರ ಇಬ್ಬರು ಶೀರ್ಷಿಕೆಯಲ್ಲೇ 'ಒಂದು ಪ್ರಯತ್ನ' ಎಂದು ಬರೆದಿದ್ದರಲ್ಲ, ತಿದ್ದುವವರಿಗೆ ಅವರೇ ಬಾಗಿಲು ತೆರೆದಿಟ್ಟಿದ್ದರು.

ಇದರ ಮಿತಿ ಎಲ್ಲಿದೆ ಎಂದು ತಿಳಿಯಲು ನಮ್ಮ ಕಛೇರಿಯ ಶ್ರುತಿಯನ್ನೇ ನೋಡಬಹುದು. ತಂಬೂರಿ ಮೀಟಿದರೆ ಅದು 321. ಅದರ ಜಾಗದಲ್ಲಿ ತಿದಿಯ ಶ್ರುತಿಪೆಟ್ಟಿಗೆ ಇಟ್ಟರೆ 412. ಬೆಂಗಳೂರಿನ ಜಿ. ರಾಜ್ ನಾರಾಯಣ್ ರೂಪಿಸಿದಂಥ ಎಲೆಕ್ಟ್ರಾನಿಕ್ ತಂಬೂರಿ ಹಚ್ಚಿದರೆ 5. ಹಾಡುವವರಿಗೆ ಮೂರರಿಂದಲೂ ಬೇಕಾದದ್ದು ಒಂದೇ, ಕದಲದ ಷಡ್ಜ. ವಾದ್ಯವನ್ನು ಯಾರು, ಎಲ್ಲಿ, ಏತಕ್ಕೆ ನುಡಿಸುತ್ತಾರೆ ಎಂಬುದು ಸಾಕ್ಸ್ ಅವರ ಸಂಖ್ಯೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಅವರ ಪುಸ್ತಕಗಳನ್ನೇ ಓದಬೇಕು.